ಸತೋಶಿ ನಕಮೊಟೊ ಬಳಸಿದ ಕಂಪ್ಯೂಟರ್ ಎಂಥದ್ದು?

2024ರ ಮಾರ್ಚ್ 14ರಂದು ಲಂಡನ್ನಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಮೆಲರ್ ಅವರು ನಾಲ್ಕು ಸಂಗತಿಗಳನ್ನು ಘೋಷಿಸಿದರು. ಆಸ್ಟ್ರೇಲಿಯಾದ ಕ್ರೇಗ್ ರೈಟ್ ಅವರು ಡಿಜಿಟಲ್ ಹಣವಾದ ಬಿಟ್‌ಕಾಯಿನ್‌ನ ಮೂಲ ಪ್ರಬಂಧವನ್ನು ಬರೆದವರಲ್ಲ; 2008ರಿಂದ 2011ರವರೆಗೆ, ಅದರ ಅಜ್ಞಾತ ಸೃಷ್ಟಿಕರ್ತರ ಗುಪ್ತನಾಮವಾದ ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ವ್ಯವಹರಿಸಿದವರಲ್ಲ; ಬಿಟ್‌ಕಾಯಿನ್ ವ್ಯವಸ್ಥೆಯನ್ನು ರೂಪಿಸಿದವರಲ್ಲ; ಅದರ ಮೊದಲ ಸಾಫ್ಟ್‌ವೇರಿನ ಕರ್ತೃವೂ ಅಲ್ಲ. ತಾವೇ ಸತೋಶಿ ಎಂದು 2016ರಿಂದ ಬಹಿರಂಗವಾಗಿ ಹೇಳಿಕೊಂಡು ಬಂದು, ಆ ಹೆಸರಿನ ಬಲದ ಮೇಲೆ ಇತರರ ವಿರುದ್ಧ ದಾವೆ ಹೂಡಿದ್ದ ವ್ಯಕ್ತಿಯ ವಾದ ಹೀಗೆ ಕುಸಿದದ್ದು ಸತೋಶಿಯನ್ನು ಕಣ್ಣಾರೆ ಕಂಡವರ ಸಾಕ್ಷ್ಯದಿಂದಲ್ಲ. ಹಾಗೆ ಕಂಡೆವೆಂದು ನ್ಯಾಯಾಲಯವನ್ನು ಒಪ್ಪಿಸಬಲ್ಲವರು ಯಾರೂ ಇರಲಿಲ್ಲ. ವಾರಗಟ್ಟಲೆ ಅಲ್ಲಿ ಚರ್ಚೆಯಾದದ್ದು ಯಾವ ಪದಸಂಸ್ಕರಣ ತಂತ್ರಾಂಶ, ಯಾವ ಫಾಂಟು, ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯ ಯಾವ ಲೈಬ್ರರಿ (ಸಿದ್ಧ ಕೋಡಿನ ಸಂಗ್ರಹ) ಯಾವ ವರ್ಷ ಬಳಕೆಗೆ ಬಂತು ಎಂಬಂಥ, ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ವಿವರಗಳು.

ಉದಾಹರಣೆಗೆ, ಮೂಲ ಪ್ರಬಂಧವನ್ನು ಲೇಟೆಕ್ಸ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಬಳಸಿ ಸಿದ್ಧಪಡಿಸಿದ್ದೆಂದು ರೈಟ್ ವಾದಿಸಿದ್ದರು. ಆದರೆ ಅದು ಓಪನ್‌ಆಫೀಸ್‌ನಲ್ಲಿ ತಯಾರಾದದ್ದು ಎಂಬುದನ್ನು ಎರಡೂ ಪಕ್ಷಗಳ ತಜ್ಞರು ಒಪ್ಪಿದರು. ಅಂದರೆ ರೈಟ್ ಅವರ ಪರವಾಗಿ ಬಂದ ತಜ್ಞರೂ ಒಪ್ಪಿದರು. ಬಿಟ್‌ಕಾಯಿನ್ ಹುಟ್ಟುವ ಮೊದಲಿನದೆಂದು ಅವರು ಹಾಜರುಪಡಿಸಿದ ಕೋಡ್ ಕಡತದಲ್ಲಿ, 2011ರಲ್ಲಷ್ಟೇ ಸಿ++ ಮಾನದಂಡದೊಳಗೆ ಸೇರಿದ ಕ್ರೋನೊ ಎಂಬ ಲೈಬ್ರರಿಯ ಹೆಸರಿತ್ತು. ಹಳೆಯದೆಂದು ಕೊಟ್ಟಿದ್ದ ಮತ್ತೊಂದು ದಾಖಲೆಯ ಒಳಪದರದಲ್ಲಿ ಸಿಕ್ಕಿದ್ದು ನಿರ್ಮಲಾ ಯುಐ ಎಂಬ ಫಾಂಟಿನ ಹೆಸರು. ವಿಂಡೋಸ್‌ನಲ್ಲಿ ಕನ್ನಡ ಓದುವವರ ಕಣ್ಣಿಗೆ ದಿನವೂ ಬೀಳುವ ಅಕ್ಷರ ಅದೇ. ತುಂಗಾ ಫಾಂಟಿನ ಕಾಲ ಮುಗಿದು, 2012ರಲ್ಲಿ ವಿಂಡೋಸ್ 8ರೊಂದಿಗೆ ಭಾರತೀಯ ಲಿಪಿಗಳಿಗೆಂದು ಬಂದದ್ದು ಅದು. 2008ರ ಸುಮಾರಿನ ಕಡತದಲ್ಲಿ ಅದು ಇರುವುದಕ್ಕೆ ಸಾಧ್ಯವೇ ಇರಲಿಲ್ಲ.

ಈ ಪ್ರಕರಣದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಸತೋಶಿಯ ಮುಖ, ಊರು, ನಿಜನಾಮ ಯಾವುದೂ ಸಾಬೀತಾಗಿ ನಮ್ಮ ಕೈಯಲ್ಲಿಲ್ಲದಿದ್ದರೂ, ಅವರ ಮೇಜಿನ ಮೇಲಿದ್ದ ಕಂಪ್ಯೂಟರಿನ ಬಗ್ಗೆ ಸಾಕಷ್ಟು ಹೇಳಬಹುದು. ಆದರೆ ಆ ಮಾಹಿತಿ ಒಂದು ದಿಕ್ಕಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಸುಳ್ಳು ಹಕ್ಕುದಾರರನ್ನು ಹೊರಹಾಕುವುದಕ್ಕೆ ಅದು ಒಳ್ಳೆಯ ಸಾಧನ. ನಿಜವಾದವರನ್ನು ಹುಡುಕಿಕೊಡುವುದಕ್ಕೆ ಬಹುಮಟ್ಟಿಗೆ ನಿರುಪಯೋಗಿ. ಈ ವ್ಯತ್ಯಾಸವನ್ನು ಮರೆತು ನಡೆದ ಪತ್ತೇದಾರಿಕೆಗೆ ಕೊರತೆಯಿಲ್ಲ, ಅದಕ್ಕೆ ಸಿಕ್ಕಿ ತೊಂದರೆಪಟ್ಟ ಅಮಾಯಕರಿಗೂ ಕೊರತೆಯಿಲ್ಲ.

ಮೊದಲು ಸಾಫ್ಟ್‌ವೇರನ್ನೇ ನೋಡೋಣ. 2009ರ ಜನವರಿ ಎರಡನೆಯ ವಾರದಲ್ಲಿ ಹೊರಬಂದ ಬಿಟ್‌ಕಾಯಿನ್ 0.1 ಆವೃತ್ತಿ ವಿಂಡೋಸ್‌ನಲ್ಲಿ ಮಾತ್ರ ಓಡುತ್ತಿತ್ತು. ಸದ್ಯಕ್ಕೆ ವಿಂಡೋಸ್ ಮಾತ್ರ ಎಂದು ಸತೋಶಿ ಪ್ರಕಟಣೆಯಲ್ಲೇ ತಿಳಿಸಿದ್ದರು. ಗೂಢಲಿಪಿ ಶಾಸ್ತ್ರದಲ್ಲಿ ಆಸಕ್ತಿಯುಳ್ಳ, ಸರ್ಕಾರ ಮತ್ತು ದೊಡ್ಡ ಕಂಪನಿಗಳನ್ನು ಅನುಮಾನದಿಂದಲೇ ನೋಡುವ ಆ ವಲಯದಲ್ಲಿ ವಿಂಡೋಸ್‌ಗೆ ಬದಲಾಗಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಬಳಕೆ ಸಾಮಾನ್ಯವಾಗಿದ್ದುದರಿಂದ ಈ ಆಯ್ಕೆ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ. ಜೊತೆಗಿದ್ದ ಸೂಚನಾ ಕಡತದ ಪ್ರಕಾರ ಕೋಡನ್ನು ಎರಡು ಬಗೆಯಲ್ಲಿ ಕಂಪೈಲ್ ಮಾಡಬಹುದಿತ್ತು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರಬಹುದಿತ್ತು: ಒಂದು, ಉಚಿತವಾಗಿ ಸಿಗುವ ಮಿನ್‌ಜಿಡಬ್ಲ್ಯೂ, ಇನ್ನೊಂದು, ಮೈಕ್ರೋಸಾಫ್ಟಿನ ವಿಷುಯಲ್ ಸಿ++ 6.0. ಈ ಎರಡನೆಯದು 1998ರಲ್ಲಿ ಬಂದ ಕಂಪೈಲರ್. ಅದಾದ ಮೇಲೆ ಮೈಕ್ರೋಸಾಫ್ಟ್ ಹಲವು ಹೊಸ ಆವೃತ್ತಿಗಳನ್ನು ಹೊರತಂದಿದ್ದರೂ, ಹತ್ತು ವರ್ಷ ಹಳೆಯದಾದ ಸಾಧನವನ್ನು ಸತೋಶಿ ಬಿಟ್ಟಿರಲಿಲ್ಲ. ಕಿಟಕಿ, ಗುಂಡಿಗಳಿಗೆ ಡಬ್ಲ್ಯೂಎಕ್ಸ್‌ವಿಜೆಟ್ಸ್, ಗೂಢಲಿಪಿಗೆ ಓಪನ್‌ಎಸ್‌ಎಸ್‌ಎಲ್, ದತ್ತಾಂಶ ಸಂಗ್ರಹಕ್ಕೆ ಬರ್ಕ್ಲಿ ಡಿಬಿ, ಇವುಗಳ ಜೊತೆಗೆ ಬೂಸ್ಟ್ ಲೈಬ್ರರಿಗಳು. ಎಲ್ಲವೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾಗಿದ್ದ, ಲಕ್ಷಾಂತರ ಜನ ಬಳಸುತ್ತಿದ್ದ ಸಾಮಗ್ರಿ.

ಕೋಡಿನ ಬರವಣಿಗೆಯೂ ಅದೇ ಕಾಲದ್ದು. ಸಂಖ್ಯೆಗಳ ಹೆಸರು ಎನ್ ಅಕ್ಷರದಿಂದ, ಹೌದು-ಇಲ್ಲ ಬಗೆಯ ಮೌಲ್ಯಗಳ ಹೆಸರು ಎಫ್‌ನಿಂದ, ಪಾಯಿಂಟರುಗಳ ಹೆಸರು ಪಿಯಿಂದ ಶುರುವಾಗುತ್ತವೆ. ಹಂಗೇರಿಯನ್ ಪದ್ಧತಿ ಎಂದು ಕರೆಯುವ ಈ ಅಭ್ಯಾಸವನ್ನು ಜನಪ್ರಿಯಗೊಳಿಸಿದ್ದು ಮೈಕ್ರೋಸಾಫ್ಟ್. 2009ರ ಹೊತ್ತಿಗೆ ಹೊಸ ಪ್ರೋಗ್ರಾಮರುಗಳು ಅದನ್ನು ಬಹುಪಾಲು ಕೈಬಿಟ್ಟಿದ್ದರು. ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ತೊಂಬತ್ತರ ದಶಕದ ಕೊನೆಯಲ್ಲಿ ವಿಂಡೋಸ್ ಸಾಫ್ಟ್‌ವೇರ್ ಬರೆದು ಕೈಪಳಗಿಸಿಕೊಂಡ, ಅದೇ ಅಭ್ಯಾಸಗಳೊಂದಿಗೆ ಮುಂದುವರಿದ ಒಬ್ಬ ಪ್ರೋಗ್ರಾಮರ್ ಕಣ್ಣಮುಂದೆ ಬರುತ್ತಾರೆ. ಆದರೆ ಅಂಥವರು ಜಗತ್ತಿನಲ್ಲಿ ಎಷ್ಟು ಮಂದಿ! ಆ ವರ್ಷಗಳಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ವಿಂಡೋಸ್ ತಂತ್ರಾಂಶ ಬರೆದವರನ್ನು ಕೇಳಿದರೆ ವಿಷುಯಲ್ ಸಿ++ 6ರ ನೆನಪುಗಳನ್ನು ಒಂದರ ಮೇಲೊಂದು ಹೇಳುವವರು ಸಾಕಷ್ಟು ಸಿಗುತ್ತಾರೆ. ಗುರುತು ಹಿಡಿಯಲು ಇದು ಸಾಲದು. ಅಲ್ಲಗಳೆಯಲು ಮಾತ್ರ ಸಾಕು: ಲಂಡನ್ನಿನ ವಿಚಾರಣೆಯಲ್ಲಿ, ಬಿಟ್‌ಕಾಯಿನ್ ಕೋಡಿನ ಉದ್ದಕ್ಕೂ ಬರುವ ಅನ್‌ಸೈನ್ಡ್ ಎಂಬ ಸಾಮಾನ್ಯ ಪದಕ್ಕೆ ಸಿ++ನಲ್ಲಿ ಏನರ್ಥ ಎಂದು ಕೇಳಿದಾಗ ರೈಟ್ ಸರಿಯಾಗಿ ವಿವರಿಸಲಾರದೆ ತಡವರಿಸಿದರು. ಋಣ ಚಿಹ್ನೆಯಿಲ್ಲದ, ಸೊನ್ನೆಯಿಂದ ಮೇಲಿನ ಸಂಖ್ಯೆ ಎಂದಷ್ಟೇ ಹೇಳಿದ್ದರೂ ಸಾಕಿತ್ತು.

ಆ ಕೋಡಿನಲ್ಲಿ ನನ್ನ ಗಮನ ಹೆಚ್ಚು ಸೆಳೆದ ಒಂದು ಸಾಲನ್ನು ಇಲ್ಲಿ ಹೇಳಬೇಕು. ಬಿಟ್‌ಕಾಯಿನ್‌ನ ಭದ್ರತೆಯೆಲ್ಲ ಯಾರೂ ಊಹಿಸಲಾಗದ ಯಾದೃಚ್ಛಿಕ ಸಂಖ್ಯೆಗಳ ಮೇಲೆ ನಿಂತಿದೆ. ನಾಣ್ಯಗಳನ್ನು ಖರ್ಚು ಮಾಡಲು ಬೇಕಾಗುವ ಖಾಸಗಿ ಕೀಲಿ ಎಂದರೆ ಅಂಥ ಒಂದು ದೊಡ್ಡ ಸಂಖ್ಯೆ. ಅದನ್ನು ಹುಟ್ಟಿಸುವ ಯಂತ್ರಕ್ಕೆ ಆರಂಭದಲ್ಲಿ ಒಂದಿಷ್ಟು ಅನಿಶ್ಚಿತತೆಯನ್ನು ಉಣಿಸಬೇಕಾಗುತ್ತದೆ. ಸತೋಶಿಯ ಪ್ರೋಗ್ರಾಮು ಪ್ರತಿ ಬಾರಿ ಚಾಲೂ ಆದಾಗ ಎರಡು ಕಡೆಯಿಂದ ಅದನ್ನು ತೆಗೆದುಕೊಳ್ಳುತ್ತಿತ್ತು. ಒಂದು, ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ ಇಟ್ಟುಕೊಂಡಿರುವ ಕಾರ್ಯಕ್ಷಮತೆಯ ಅಂಕಿಅಂಶಗಳು. ಎರಡು, ಆ ಕ್ಷಣದಲ್ಲಿ ಪರದೆಯ ಮೇಲೆ ಏನು ಕಾಣುತ್ತಿದೆಯೋ ಅದರ ಚಿತ್ರ. ಅಂದರೆ, ಇಂದು ಹಲವು ಲಕ್ಷ ಕೋಟಿ ರೂಪಾಯಿ ಬೆಲೆಬಾಳುವ ಕೀಲಿಗಳ ಹುಟ್ಟಿನಲ್ಲಿ, ಅಂದು ಆ ವಿಂಡೋಸ್ ಡೆಸ್ಕ್‌ಟಾಪಿನ ಮೇಲೆ ತೆರೆದುಕೊಂಡಿದ್ದ ಕಿಟಕಿಗಳಿಗೂ ಒಂದು ಸಣ್ಣ ಪಾಲಿದೆ.

ಪ್ರಬಂಧದ ಪಿಡಿಎಫ್ ಕಡತಗಳಿಗೆ ಬಂದರೆ, ಅವುಗಳ ಮೆಟಾಡೇಟಾದಲ್ಲಿ (ಕಡತದ ಬಗೆಗಿನ ಒಳಮಾಹಿತಿಯಲ್ಲಿ) ಓಪನ್‌ಆಫೀಸ್ 2.4 ಎಂಬ ಹೆಸರಿನ ಜೊತೆಗೆ ಸಮಯವಲಯವೂ ದಾಖಲಾಗಿದೆ. 2008ರ ಅಕ್ಟೋಬರ್ 3ರ ಕರಡಿನಲ್ಲಿ ಗ್ರೀನಿಚ್ ಸಮಯಕ್ಕಿಂತ 7 ಗಂಟೆ ಹಿಂದೆ ಎಂದಿದ್ದರೆ, 2009ರ ಮಾರ್ಚ್ 24ರ ಆವೃತ್ತಿಯಲ್ಲಿ 6 ಗಂಟೆ ಹಿಂದೆ ಎಂದಿದೆ. ಈ ಎರಡೂ ದಿನಾಂಕಗಳು ಅಮೆರಿಕದಲ್ಲಿ ಬೇಸಿಗೆ ಸಮಯ ಜಾರಿಯಲ್ಲಿದ್ದ ಅವಧಿಗೆ ಸೇರಿದವು. ಹಾಗಾಗಿ ಮೊದಲನೆಯದು ಕ್ಯಾಲಿಫೋರ್ನಿಯಾದ ಕರಾವಳಿಗೂ ಎರಡನೆಯದು ರಾಕಿ ಪರ್ವತಗಳ ಸೀಮೆಗೂ ಹೊಂದುತ್ತದೆ. ಆ ಐದೂವರೆ ತಿಂಗಳಲ್ಲಿ ಲೇಖಕರು ಊರು ಬದಲಿಸಿದರೇ, ಗಡಿಯಾರದ ಹೊಂದಿಕೆಯನ್ನಷ್ಟೇ ಬದಲಿಸಿದರೇ, ಅಥವಾ ಬೇಕೆಂದೇ ದಾರಿ ತಪ್ಪಿಸಿದರೇ? ಸಮಯವಲಯ ಎಂಬುದು ಎರಡು ಕ್ಲಿಕ್ಕಿನಲ್ಲಿ ಬದಲಾಗುವ ಆಯ್ಕೆಯಾದ್ದರಿಂದ, ತನ್ನ ಗುರುತನ್ನು ಇಷ್ಟು ಜೋಪಾನವಾಗಿ ಕಾಪಾಡಿಕೊಂಡ ವ್ಯಕ್ತಿಯ ಯಂತ್ರದಲ್ಲಿ ಅದನ್ನು ಮುಖಬೆಲೆಗೆ ತೆಗೆದುಕೊಳ್ಳುವುದು ಜಾಣತನವಲ್ಲ.

ಗಡಿಯಾರದ ಹೊಂದಿಕೆಗಿಂತ ನಿದ್ದೆಯ ಹೊತ್ತನ್ನು ಬಚ್ಚಿಡುವುದು ಕಷ್ಟ. ಸತೋಶಿ ಸಾರ್ವಜನಿಕವಾಗಿ ಬರೆದ ಐನೂರಕ್ಕೂ ಹೆಚ್ಚು ಸಂದೇಶಗಳ ಸಮಯವನ್ನು ಸ್ವಿಟ್ಜರ್ಲೆಂಡಿನ ಪ್ರೋಗ್ರಾಮರ್ ಸ್ಟೆಫಾನ್ ಥಾಮಸ್ ನಕ್ಷೆಯಾಗಿ ಬಿಡಿಸಿದಾಗ, ಗ್ರೀನಿಚ್ ಸಮಯ ಬೆಳಿಗ್ಗೆ 5ರಿಂದ 11ರವರೆಗೆ ಹೆಚ್ಚುಕಡಿಮೆ ಏನೂ ಇರಲಿಲ್ಲ, ಶನಿವಾರ ಭಾನುವಾರಗಳಲ್ಲೂ. ನಮ್ಮ ಲೆಕ್ಕದಲ್ಲಿ ಅದು ಬೆಳಿಗ್ಗೆ 10.30ರಿಂದ ಸಂಜೆ 4.30. ಜಪಾನಿನಲ್ಲಿ ವಾಸ ಎಂದು ಸತೋಶಿ ತಮ್ಮ ಪರಿಚಯದಲ್ಲಿ ಬರೆದುಕೊಂಡಿದ್ದರು. ಅಲ್ಲಿ ಆ ಅವಧಿ ಮಧ್ಯಾಹ್ನ 2ರಿಂದ ರಾತ್ರಿ 8. ವಾರದ ಏಳೂ ದಿನ ಆ ಹೊತ್ತಿನಲ್ಲಿ ಮಲಗುವವರು ಇಲ್ಲವೆಂದಲ್ಲ, ಆದರೆ ಅಪರೂಪ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಅದು ಚಳಿಗಾಲದ ಲೆಕ್ಕಕ್ಕೆ ನಡುರಾತ್ರಿಯಿಂದ ಬೆಳಗಿನ 6; ಪಶ್ಚಿಮ ಕರಾವಳಿಯಲ್ಲಿ ರಾತ್ರಿ 9ರಿಂದ 3. ಇಂಗ್ಲೆಂಡಿನಲ್ಲಿ ತಡವಾಗಿ ಮಲಗಿ ತಡವಾಗಿ ಏಳುವವರಿಗೂ ಒಪ್ಪುತ್ತದೆ. ಬ್ರಿಟಿಷ್ ಕಾಗುಣಿತ, ಮೊದಲ ಬ್ಲಾಕಿನೊಳಗೆ (ವಹಿವಾಟುಗಳ ದಾಖಲೆಯ ಒಂದು ಕಟ್ಟಿಗೆ ಬ್ಲಾಕ್ ಎನ್ನುತ್ತಾರೆ) ಹುದುಗಿಸಿದ ಲಂಡನ್ನಿನ ಟೈಮ್ಸ್ ಪತ್ರಿಕೆಯ 2009ರ ಜನವರಿ 3ರ ಶೀರ್ಷಿಕೆ ಇವನ್ನು ಹಿಡಿದು ಇಂಗ್ಲೆಂಡ್ ಎನ್ನುವವರಿದ್ದಾರೆ. ಪಿಡಿಎಫ್ ಹಿಡಿದು ಅಮೆರಿಕ ಎನ್ನುವವರೂ ಇದ್ದಾರೆ. ಜಪಾನ್ ಅನುಮಾನಾಸ್ಪದ ಎಂಬಲ್ಲಿಗೆ ಎಲ್ಲರೂ ಒಪ್ಪುತ್ತಾರೆ. ಅದಕ್ಕಿಂತ ಮುಂದೆ ಒಬ್ಬೊಬ್ಬರದು ಒಂದೊಂದು ದಾರಿ.

ಅಂತರ್ಜಾಲದೊಂದಿಗೆ ಆ ಕಂಪ್ಯೂಟರ್ ಹೇಗೆ ಬೆಸೆದುಕೊಂಡಿತ್ತು ಎಂಬುದಕ್ಕೆ ಸತೋಶಿಯದೇ ಒಂದು ಮಾತಿದೆ. ಬಿಟ್‌ಕಾಯಿನ್ ಸಾಫ್ಟ್‌ವೇರನ್ನು ಮೊದಮೊದಲಿಗೆ ಓಡಿಸಿದವರಲ್ಲಿ ಒಬ್ಬರಾದ, 2009ರ ಜನವರಿ 12ರಂದು ಸತೋಶಿಯಿಂದ 10 ಬಿಟ್‌ಕಾಯಿನ್ ಪಡೆದ ಹ್ಯಾಲ್ ಫಿನ್ನಿ ಅವರಿಗೆ ಆ ತಿಂಗಳಲ್ಲೇ ಬರೆದ ಇಮೇಲಿನಲ್ಲಿ, ತಾನಿರುವ ಜಾಗದಲ್ಲಿ ಹೊರಗಿನಿಂದ ಬರುವ ಸಂಪರ್ಕಗಳನ್ನು ಸ್ವೀಕರಿಸಲಾಗುತ್ತಿಲ್ಲ, ಮೊದಲ ಒಂದೆರಡು ದಿನ ಜಾಲವನ್ನು ಮುಖ್ಯವಾಗಿ ಜೀವಂತವಾಗಿಟ್ಟದ್ದು ನಿಮ್ಮ ಯಂತ್ರವೇ ಎಂಬರ್ಥದಲ್ಲಿ ಅವರು ಹೇಳಿಕೊಂಡಿದ್ದಾರೆ. ಇದರ ತಾಂತ್ರಿಕ ಅರ್ಥ ಸರಳ. ಸತೋಶಿಯ ಕಂಪ್ಯೂಟರ್ ಹೊರಗೆ ಕರೆ ಮಾಡಬಲ್ಲದಾಗಿತ್ತು, ಹೊರಗಿನವರು ಅದಕ್ಕೆ ಕರೆ ಮಾಡುವಂತಿರಲಿಲ್ಲ. ಕಚೇರಿ ಅಥವಾ ವಿಶ್ವವಿದ್ಯಾಲಯದ ಫೈರ್‌ವಾಲ್, ಮನೆಯ ರೂಟರ್, ಟಾರ್‌ನಂಥ ಅನಾಮಿಕ ಜಾಲ, ಇವುಗಳಲ್ಲಿ ಯಾವುದರ ಹಿಂದೆ ಕುಳಿತರೂ ಹೀಗೇ ಆಗುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ 0.2 ಆವೃತ್ತಿಯಲ್ಲಿ ಲಿನಕ್ಸ್ ಆವೃತ್ತಿಯಂಥ ಕೆಲಸಗಳನ್ನು ಫಿನ್ಲೆಂಡಿನ ಯುವಕ ಮಾರ್ಟಿ ಮಾಲ್ಮಿ ಮಾಡಿದರೆ, ಸತೋಶಿ ತಾವಾಗಿ ಸೇರಿಸಿದ್ದರಲ್ಲಿ ಎರಡು ಮುಖ್ಯ: ಟಾರ್ ಮೂಲಕ ಬಳಸಲು ಪ್ರಾಕ್ಸಿ ಸೌಲಭ್ಯ, ಮತ್ತು ಏಕಕಾಲದಲ್ಲಿ ಹಲವು ಪ್ರೊಸೆಸರ್‌ಗಳಿಂದ ಮೈನಿಂಗ್, ಅಂದರೆ ಹೊಸ ನಾಣ್ಯ ಗಳಿಸುವ ಲೆಕ್ಕಾಚಾರ, ಮಾಡುವ ಸೌಲಭ್ಯ. ಎರಡೂ ಅವರದೇ ಯಂತ್ರದ ಅಗತ್ಯಗಳಿಂದ ಹುಟ್ಟಿರಬಹುದೆಂಬುದು ನನ್ನ ಊಹೆ. ಎರಡನೆಯ ಊಹೆಗೆ ಸ್ವಲ್ಪ ಗಟ್ಟಿಯಾದ ಆಧಾರವೇ ಇದೆ.

ಆ ಆಧಾರ ಇರುವುದು ಬ್ಲಾಕ್‌ಚೈನಿನೊಳಗೆ, ಅಂದರೆ ಬ್ಲಾಕುಗಳನ್ನು ಒಂದರ ಹಿಂದೊಂದು ಪೋಣಿಸಿದ ಸಾರ್ವಜನಿಕ ದಾಖಲೆಯೊಳಗೆ. ಮೈನಿಂಗ್ ಎಂದರೆ ಒಂದು ಬ್ಲಾಕಿನ ತಲೆಬರಹದಲ್ಲಿ ನಾನ್ಸ್ ಎಂಬ ಸಂಖ್ಯೆಯನ್ನು ಬದಲಿಸುತ್ತ, ಪ್ರತಿ ಸಲವೂ ಅದರ ಹ್ಯಾಷ್ (ದತ್ತಾಂಶದಿಂದ ತೆಗೆದ, ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿ, ಫಲಿತಾಂಶ ನಿಗದಿತ ಮಿತಿಗಿಂತ ಚಿಕ್ಕದಾಗುವ ತನಕ ಪ್ರಯತ್ನಿಸುವುದು. ಆ ಮಿತಿ ಎಷ್ಟು ಕಠಿಣ ಎಂಬುದನ್ನು ಹೇಳುವ ಕಾಠಿಣ್ಯ ಮಟ್ಟ ಆರಂಭದಲ್ಲಿ ಒಂದು; ಆ ಮಟ್ಟದಲ್ಲಿ ಒಂದು ಬ್ಲಾಕ್ ಸಿಗಲು ಸರಾಸರಿ ಸುಮಾರು 429 ಕೋಟಿ ಪ್ರಯತ್ನಗಳು ಬೇಕಾಗುತ್ತಿದ್ದವು. ಹತ್ತು ನಿಮಿಷಕ್ಕೊಂದು ಬ್ಲಾಕ್ ಎಂಬ ಗುರಿ ಮುಟ್ಟಬೇಕಾದರೆ ಇಡೀ ಜಾಲ ಸೆಕೆಂಡಿಗೆ ಸುಮಾರು 72 ಲಕ್ಷ ಹ್ಯಾಷ್ ಮಾಡಬೇಕಿತ್ತು. 2009ರಲ್ಲಿ ಅಷ್ಟು ಶಕ್ತಿ ಇರಲಿಲ್ಲ: ವರ್ಷಕ್ಕೆ 52,000ಕ್ಕಿಂತ ಹೆಚ್ಚು ಬ್ಲಾಕುಗಳು ಬರಬೇಕಿದ್ದಲ್ಲಿ ಬಂದದ್ದು ಸುಮಾರು 32,500. ಕಾಠಿಣ್ಯ ಮಟ್ಟ ಮೊದಲ ಸಲ ಏರಿದ್ದು ಆ ವರ್ಷದ ಡಿಸೆಂಬರ್ ಕೊನೆಯಲ್ಲಿ. ಹಾಗೆಂದರೆ ಇಡೀ ಜಗತ್ತಿನ ಬಿಟ್‌ಕಾಯಿನ್ ಜಾಲ ವರ್ಷಪೂರ್ತಿ ಕೆಲವೇ ಕೆಲವು ಸಾಮಾನ್ಯ ಪಿಸಿಗಳ ಬಲದ ಮೇಲೆ ನಡೆಯಿತು. ಕ್ರೇಗ್ ರೈಟ್ ಅವರು ಆರಂಭದ ಮೈನಿಂಗಿಗೆ ತಮ್ಮ ಬಳಿ ಹತ್ತಾರು ಯಂತ್ರಗಳಿದ್ದವೆಂದು ಹೇಳಿದ್ದುಂಟು. ಅವೆಲ್ಲ ಮೈನಿಂಗ್ ಮಾಡಿದ್ದರೆ ಕಾಠಿಣ್ಯ ಮಟ್ಟ ವರ್ಷವಿಡೀ ಒಂದರಲ್ಲೇ ನಿಂತಿರುತ್ತಿರಲಿಲ್ಲ ಎಂಬುದಕ್ಕೆ ದೊಡ್ಡ ತಜ್ಞತೆ ಬೇಕಿಲ್ಲ.

ಅರ್ಜೆಂಟೀನಾದ ಭದ್ರತಾ ಸಂಶೋಧಕ ಸರ್ಜಿಯೊ ಡೆಮಿಯನ್ ಲರ್ನರ್ 2013ರಲ್ಲಿ ಗಮನಿಸಿದ್ದು ಇನ್ನೂ ಸೂಕ್ಷ್ಮವಾದದ್ದು. ಬ್ಲಾಕಿನಲ್ಲಿ ನಾನ್ಸ್ ಅಲ್ಲದೆ ಎಕ್ಸ್‌ಟ್ರಾ ನಾನ್ಸ್ ಎಂಬ ಇನ್ನೊಂದು ಎಣಿಕೆಯಿದೆ. ಮೈನಿಂಗ್ ಮಾಡುವ ಮೈನರ್ ಹೊಸ ಬ್ಲಾಕಿನ ಕರಡು ತಯಾರಿಸಿದಾಗಲೆಲ್ಲ ಅದು ಒಂದೊಂದಾಗಿ ಏರುತ್ತ ಹೋಗುತ್ತದೆ. ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆದರೆ ಮೊದಲಿನಿಂದ ಶುರುವಾಗುತ್ತದೆ. ಇದನ್ನು ಕಾಲಾನುಕ್ರಮದಲ್ಲಿ ನಕ್ಷೆಯಾಗಿ ಬರೆದರೆ ಪ್ರತಿ ಯಂತ್ರವೂ ಒಂದೊಂದು ಓರೆಗೆರೆಯಾಗಿ ಕಾಣುತ್ತದೆ. ಗೆರೆಯ ಓರೆ ಯಂತ್ರದ ವೇಗವನ್ನೂ, ಗೆರೆ ಕಡಿದು ತಳಕ್ಕೆ ಬೀಳುವ ಬಿಂದು ಅದು ಮತ್ತೆ ಚಾಲೂ ಆದ ಸಮಯವನ್ನೂ ತೋರಿಸುತ್ತದೆ. ಹಾಗೆ ಬಿಡಿಸಿದ ಚಿತ್ರದಲ್ಲಿ ಉಳಿದವುಗಳಿಂದ ಎದ್ದು ಕಾಣುವ, ಒಂದೇ ಬಗೆಯ ಓರೆಯುಳ್ಳ ಗೆರೆಗಳ ಸಾಲೊಂದು ಮೊದಲ ಬ್ಲಾಕುಗಳಿಂದ 2010ರ ಮೇ ತಿಂಗಳ ಸುಮಾರಿನವರೆಗೆ ಸಾಗಿತ್ತು. ಈ ಮೈನರನ್ನು ಪಟೋಶಿ ಎಂದು ಕರೆಯುವುದು ರೂಢಿಯಾಗಿದೆ. ಅದರ ಪಾಲಿಗೆ ಸುಮಾರು 22,000 ಬ್ಲಾಕುಗಳು, ಬ್ಲಾಕಿಗೆ 50ರ ಬಹುಮಾನದಂತೆ 11 ಲಕ್ಷ ಬಿಟ್‌ಕಾಯಿನ್‌ಗಳು ಸೇರುತ್ತವೆ ಎಂಬುದು ಲರ್ನರ್ ಲೆಕ್ಕ. ಎಲ್ಲರೂ ಇದನ್ನು ಒಪ್ಪಿಲ್ಲ. ಬಿಟ್‌ಮೆಕ್ಸ್ ವಿನಿಮಯ ಕೇಂದ್ರದ ಸಂಶೋಧನಾ ವಿಭಾಗ 2018ರಲ್ಲಿ ಅದೇ ದತ್ತಾಂಶವನ್ನು ನೋಡಿ, ಗಟ್ಟಿಯಾಗಿ ಹೇಳಬಹುದಾದದ್ದು 6ರಿಂದ 7 ಲಕ್ಷ ಮಾತ್ರ ಎಂದಿತು. ಒಬ್ಬ ಪ್ರಬಲ ಮೈನರ್ ಇದ್ದದ್ದನ್ನು ಮಾತ್ರ ಅದೂ ಅಲ್ಲಗಳೆಯಲಿಲ್ಲ.

ನಾನ್ಸ್‌ನ ಕೊನೆಯ ಬೈಟಿನಲ್ಲಿ ಇನ್ನೊಂದು ಕುರುಹಿದೆ. ಒಂದು ಬೈಟಿಗೆ 0ಯಿಂದ 255ರವರೆಗೆ 256 ಬೆಲೆಗಳು ಸಾಧ್ಯ. ಸಾಮಾನ್ಯ ಮೈನರುಗಳ ಬ್ಲಾಕುಗಳಲ್ಲಿ ಅವೆಲ್ಲವೂ ಸರಿಸುಮಾರು ಸಮಾನವಾಗಿ ಹರಡಿರುತ್ತವೆ. ಪಟೋಶಿಯ ಬ್ಲಾಕುಗಳಲ್ಲಿ ಆ ಬೆಲೆ 0ಯಿಂದ 9ರ ನಡುವೆ ಅಥವಾ 19ರಿಂದ 58ರ ನಡುವೆ ಮಾತ್ರ ಇರುತ್ತದೆ. ಒಟ್ಟು ಐವತ್ತು ಬೆಲೆಗಳು. ಆಕಸ್ಮಿಕವಾಗಿ ಹತ್ತೇ ಹತ್ತು ಬ್ಲಾಕುಗಳು ಸತತವಾಗಿ ಈ ಐವತ್ತರೊಳಗೆ ಬೀಳುವ ಸಂಭವನೀಯತೆಯೇ ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಇಲ್ಲಿರುವುದು ಸಾವಿರಾರು ಬ್ಲಾಕುಗಳು. ಸತೋಶಿ ಜನರಿಗೆ ಬಿಡುಗಡೆ ಮಾಡಿದ ಪ್ರೋಗ್ರಾಮು ನಾನ್ಸನ್ನು ಒಂದೊಂದಾಗಿ ಏರಿಸುತ್ತ ಹೋಗುತ್ತದೆಯೇ ಹೊರತು ಹೀಗೆ ಆಯ್ದ ಬೆಲೆಗಳನ್ನಷ್ಟೇ ಹುಡುಕುವುದಿಲ್ಲ. ಆದ್ದರಿಂದ ಪಟೋಶಿಯೇ ಸತೋಶಿ ಎಂದು ಒಪ್ಪಿದರೆ, ತಮ್ಮ ಯಂತ್ರದಲ್ಲಿ ಅವರು ಓಡಿಸುತ್ತಿದ್ದದ್ದು ಲೋಕಕ್ಕೆ ಕೊಟ್ಟ ಪ್ರೋಗ್ರಾಮಿನದೇ ಪ್ರತಿಯಲ್ಲ, ತಮಗಾಗಿ ಬೇರೆಯಾಗಿ ತಿದ್ದಿಕೊಂಡ ಮೈನರ್ ಎಂದಾಗುತ್ತದೆ. ಇಡೀ ಕಥೆಯಲ್ಲಿ ಸಾಮಾನ್ಯ ಬಳಕೆದಾರನ ಕಂಪ್ಯೂಟರಿಗಿಂತ ಅದು ಭಿನ್ನವಾಗಿದ್ದುದಕ್ಕೆ ಸಿಗುವ ಒಂದೇ ಒಂದು ಗಟ್ಟಿ ಪುರಾವೆ ಇದು.

ಐವತ್ತು ಬೆಲೆಗಳಿಗೆ ಐವತ್ತು ಕಂಪ್ಯೂಟರುಗಳೇ? ಈ ಪ್ರಶ್ನೆ ಮೊದಲಿಗೆ ಎದ್ದದ್ದು ಸಹಜ. ಆದರೆ ಲರ್ನರ್ 2020ರಲ್ಲಿ ಆ ಬ್ಲಾಕುಗಳನ್ನು ಮತ್ತೆ ಲೆಕ್ಕ ಹಾಕಿ ನೋಡಿದಾಗ, ಐವತ್ತೂ ಬೆಲೆಗಳು ಹತ್ತು ಹತ್ತರ ಐದು ಗುಂಪುಗಳಾಗಿ ಒಡೆದುಕೊಂಡು ಜೊತೆಜೊತೆಗೆ ಹುಡುಕಾಟಕ್ಕೆ ಒಳಗಾಗಿದ್ದಂತೆ ಕಂಡವು. ಅದರಿಂದ ಅವರು, ಒಂದು ಕೋಣೆ ತುಂಬ ಯಂತ್ರಗಳಿದ್ದವು ಎನ್ನುವುದಕ್ಕಿಂತ, ಒಂದೇ ಶಕ್ತಿಶಾಲಿ ಪಿಸಿಯ ಹಲವು ಕೋರುಗಳಲ್ಲಿ ಕೆಲಸವನ್ನು ಹಂಚಿ ಓಡಿಸಲಾಗಿತ್ತು ಎನ್ನುವ ಸಾಧ್ಯತೆಯೇ ಹೆಚ್ಚು ಎಂಬ ಅಭಿಪ್ರಾಯಕ್ಕೆ ಬಂದರು. 0.2 ಆವೃತ್ತಿಯಲ್ಲಿ ಎಲ್ಲರಿಗೂ ದೊರೆತ ಬಹು-ಪ್ರೊಸೆಸರ್ ಮೈನಿಂಗ್ ಸೌಲಭ್ಯವನ್ನು ಬರೆದವರು ಸತೋಶಿಯೇ ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ತಮ್ಮಲ್ಲಿ ಮೊದಲೇ ಇದ್ದ ಉಪಾಯದ ಒಂದು ರೂಪವನ್ನು ಹನ್ನೊಂದು ತಿಂಗಳ ಮೇಲೆ ಅವರು ಸಾರ್ವಜನಿಕರಿಗೆ ಒಪ್ಪಿಸಿದಂತೆ ಕಾಣುತ್ತದೆ. ಅದೇ ಡಿಸೆಂಬರಿನಲ್ಲಿ, ಗ್ರಾಫಿಕ್ಸ್ ಕಾರ್ಡ್ ಬಳಸಿ ಮೈನಿಂಗ್ ಮಾಡುವ ಪೈಪೋಟಿಯನ್ನು ಜಾಲದ ಹಿತಕ್ಕಾಗಿ ಸಾಧ್ಯವಾದಷ್ಟು ಕಾಲ ಮುಂದೂಡಲು ಎಲ್ಲರೂ ಸಜ್ಜನಿಕೆಯಿಂದ ಒಪ್ಪಿಕೊಳ್ಳಬೇಕೆಂದು ಅವರು ಬರೆದರು. ಸಾಮಾನ್ಯ ಪ್ರೊಸೆಸರ್ ಇದ್ದರೆ ಯಾರು ಬೇಕಾದರೂ ಪಾಲ್ಗೊಳ್ಳಬಹುದು ಎಂಬುದು ಅವರ ವಾದವಾಗಿತ್ತು. ಸ್ವಂತಕ್ಕೆ ಉಳಿದವರಿಗಿಂತ ವೇಗವಾದ ಏರ್ಪಾಡನ್ನು ಮಾಡಿಕೊಂಡಿದ್ದವರ ಬಾಯಲ್ಲಿ ಈ ಮಾತು ಕೊಂಚ ಇರಿಸುಮುರಿಸು ಉಂಟುಮಾಡಬಹುದು. ಆದರೆ ಆ ಹೊತ್ತಿಗೆ ಬಿಟ್‌ಕಾಯಿನ್‌ಗೆ ಹೇಳಿಕೊಳ್ಳುವಂಥ ಬೆಲೆಯೇ ಇರಲಿಲ್ಲ ಎಂಬುದನ್ನೂ, ಆರಂಭದ ಜಾಲ ಬದುಕುಳಿಯಲು ಯಾರಾದರೂ ಒಬ್ಬರು ಎಡೆಬಿಡದೆ ಮೈನಿಂಗ್ ಮಾಡಲೇಬೇಕಿತ್ತು ಎಂಬುದನ್ನೂ ನೆನಪಿನಲ್ಲಿಡುವುದು ನ್ಯಾಯ.

ಈಗ ಇದೆಲ್ಲ ಏಕೆ ಮುಖ್ಯವಾಗಿದೆ ಎಂದರೆ, 2024ರ ಡಿಸೆಂಬರಿನಲ್ಲಿ ಒಂದು ಬಿಟ್‌ಕಾಯಿನ್‌ನ ಬೆಲೆ 1 ಲಕ್ಷ ಡಾಲರ್ ದಾಟಿತು. ಆ ದರದಲ್ಲಿ ಪಟೋಶಿಯ ಬ್ಲಾಕುಗಳ ಮೌಲ್ಯ 11,000 ಕೋಟಿ ಡಾಲರ್. ಅಷ್ಟು ಹಣ ಬಹುತೇಕ ಮುಟ್ಟದೆ ಬಿದ್ದಿದೆ, ಮತ್ತು ಅದು ಎಂದಾದರೂ ಚಲಿಸಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಆ ವಿಂಡೋಸ್ ಯಂತ್ರದ ಒಂದು ಕಡತದ ಗತಿಯನ್ನು ಅವಲಂಬಿಸಿದೆ. ಆ ಕಾಲದಲ್ಲಿ ಖಾಸಗಿ ಕೀಲಿಗಳೆಲ್ಲ ವ್ಯಾಲೆಟ್.ಡ್ಯಾಟ್ ಎಂಬ ಬರ್ಕ್ಲಿ ಡಿಬಿ ಕಡತದಲ್ಲಿ, ಯಾವ ಪಾಸ್‌ವರ್ಡಿನ ರಕ್ಷಣೆಯೂ ಇಲ್ಲದೆ ಇರುತ್ತಿದ್ದವು. ವ್ಯಾಲೆಟ್ ಕಡತವನ್ನು ಗೂಢಲಿಪಿಗೊಳಿಸುವ ಸೌಲಭ್ಯ ಬಂದದ್ದು ಸತೋಶಿ ತೆರೆಮರೆಗೆ ಸರಿದ ಮೇಲೆ, 2011ರ ಸೆಪ್ಟೆಂಬರಿನ 0.4 ಆವೃತ್ತಿಯಲ್ಲಿ. ಅದಕ್ಕಿಂತ ತೊಡಕಿನ ವಿಷಯವೆಂದರೆ, ಮೈನ್ ಮಾಡಿದ ಪ್ರತಿ ಬ್ಲಾಕಿಗೂ ಪ್ರೋಗ್ರಾಮು ಹೊಸದೊಂದು ಕೀಲಿಯನ್ನು ಸೃಷ್ಟಿಸುತ್ತಿತ್ತು. ಮುಂದಿನ ನೂರು ಕೀಲಿಗಳನ್ನು ಮೊದಲೇ ತಯಾರಿಸಿಡುವ ವ್ಯವಸ್ಥೆ 2010ರ ಅಕ್ಟೋಬರಿನವರೆಗೆ ಇರಲಿಲ್ಲ. ಹೀಗಾಗಿ ಸೋಮವಾರ ಮಾಡಿಟ್ಟ ಬ್ಯಾಕಪ್ಪಿನಲ್ಲಿ ಮಂಗಳವಾರದ ಬ್ಲಾಕಿನ ಕೀಲಿ ಇರುತ್ತಿರಲಿಲ್ಲ. ಹದಿನಾರು ತಿಂಗಳ ಕಾಲ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೀಲಿಗಳನ್ನು ಕಳೆದುಕೊಳ್ಳದೆ ಉಳಿಸಿಕೊಳ್ಳಬೇಕಾದರೆ ನಿಯಮಿತವಾಗಿ, ಮತ್ತೆ ಮತ್ತೆ ನಕಲು ತೆಗೆದಿಡುವ ಶಿಸ್ತು ಬೇಕಾಗಿತ್ತು.

ಆ ಶಿಸ್ತು ಅವರಲ್ಲಿತ್ತೇ? ಇತ್ತೆಂದೇ ನನಗೆ ಅನ್ನಿಸುತ್ತದೆ. 2010ರಲ್ಲಿ ಬಳಕೆದಾರರೊಬ್ಬರು ವ್ಯಾಲೆಟ್ ಅಳಿಸಿಹಾಕಿದ ವಿಷಯ ಬಂದಾಗ, ಹಳೆಯ ಪ್ರತಿಯನ್ನು ಪಕ್ಕಕ್ಕೆ ಎತ್ತಿಡುವುದು ಬಿಟ್ಟು ಅಳಿಸುವುದೇಕೆ, ವ್ಯಾಲೆಟನ್ನು ಎಂದೂ ಅಳಿಸಬಾರದು ಎಂದು ಸತೋಶಿ ನಿಟ್ಟುಸಿರಿಟ್ಟು ಬರೆದಿದ್ದರು. ಹೀಗೆ ಬರೆದವರು ತಮ್ಮದನ್ನು ಅಜಾಗರೂಕತೆಯಿಂದ ಕಳೆದುಕೊಂಡರು ಎಂದು ನಂಬುವುದು ಕಷ್ಟ. ಬೇಕೆಂದೇ ನಾಶಮಾಡಿದರೇ ಎಂಬುದು ಬೇರೆ ಮಾತು. ಕಳೆದುಹೋದ ನಾಣ್ಯಗಳು ಉಳಿದವರೆಲ್ಲರಿಗೆ ಕೊಟ್ಟ ದೇಣಿಗೆಯಿದ್ದಂತೆ ಎಂದು ಬರೆದವರೂ ಅವರೇ.

ಈ ಅನಿಶ್ಚಿತತೆಗೆ ಈಗ ಕ್ವಾಂಟಮ್ ಕಂಪ್ಯೂಟರಿನ ಚರ್ಚೆಯೂ ಸೇರಿಕೊಂಡಿದೆ. ಇಂದಿನ ಬಿಟ್‌ಕಾಯಿನ್ ವಿಳಾಸಗಳಲ್ಲಿ ಸಾಮಾನ್ಯವಾಗಿ ಸಾರ್ವಜನಿಕ ಕೀಲಿಯ (ಖಾಸಗಿ ಕೀಲಿಯಿಂದ ಹುಟ್ಟುವ, ಇತರರಿಗೆ ತೋರಿಸಬಹುದಾದ ಜೋಡಿ ಸಂಖ್ಯೆ) ಹ್ಯಾಷ್ ಮಾತ್ರ ಕಾಣುತ್ತದೆ. ಸತೋಶಿಯ ಕಾಲದಲ್ಲಿ ಮೈನ್ ಮಾಡಿದ ಬ್ಲಾಕುಗಳಲ್ಲಿ ಸಾರ್ವಜನಿಕ ಕೀಲಿಯೇ ನೇರವಾಗಿ ತೆರೆದುಕೊಂಡಿದೆ. ಸಾಕಷ್ಟು ದೊಡ್ಡ ಕ್ವಾಂಟಮ್ ಯಂತ್ರವೊಂದು ಎಂದಾದರೂ ಸಿದ್ಧವಾದರೆ, ಸಾರ್ವಜನಿಕ ಕೀಲಿಯಿಂದ ಖಾಸಗಿ ಕೀಲಿಯನ್ನು ಕಂಡುಹಿಡಿದು ಈ ನಾಣ್ಯಗಳನ್ನು ಎತ್ತಿಕೊಳ್ಳುವುದು ತಾತ್ತ್ವಿಕವಾಗಿ ಸಾಧ್ಯ. 2025ರಲ್ಲಿ ಬಿಟ್‌ಕಾಯಿನ್ ತಂತ್ರಜ್ಞ ಜೇಮ್ಸನ್ ಲಾಪ್ ಮತ್ತು ಸಂಗಡಿಗರು ಮುಂದಿಟ್ಟ ಪ್ರಸ್ತಾವದಂತೆ, ನಿಗದಿತ ಗಡುವಿನೊಳಗೆ ಹೊಸ ಬಗೆಯ ಸಹಿಗೆ ಬದಲಾಗದ ಹಳೆಯ ನಾಣ್ಯಗಳನ್ನು ಖರ್ಚು ಮಾಡಲಾಗದಂತೆ ತಡೆಯಬೇಕು. ಯಾರದೇ ಆಸ್ತಿಯನ್ನು ಯಾರೂ ಮುಟ್ಟಲಾಗದು ಎಂಬ ಮೂಲ ಭರವಸೆಗೇ ಇದು ವಿರುದ್ಧ ಎನ್ನುವವರು ಇದನ್ನು ವಿರೋಧಿಸುತ್ತಿದ್ದಾರೆ. ಕೀಲಿಗಳು ಸತೋಶಿಯ ಬಳಿ ಇದ್ದರೆ ಅಂಥ ಗಡುವು ಅವರನ್ನು ಹೊರಬರುವಂತೆ ಒತ್ತಾಯಿಸುತ್ತದೆ. ಇಲ್ಲದಿದ್ದರೆ ಏನೂ ವ್ಯತ್ಯಾಸವಾಗುವುದಿಲ್ಲ.

ಅಲ್ಲಿಯವರೆಗೆ ಹೊಸ ಹಕ್ಕುದಾರರು ಬರುತ್ತಲೇ ಇರುತ್ತಾರೆ, ಪತ್ರಿಕೆಗಳು ಹೊಸ ಹೆಸರುಗಳನ್ನು ಮುಂದಿಡುತ್ತಲೇ ಇರುತ್ತವೆ. 2014ರಲ್ಲಿ ಅಮೆರಿಕದ ವಾರಪತ್ರಿಕೆಯೊಂದು ಹೆಸರಿನ ಹೋಲಿಕೆಯನ್ನೇ ದೊಡ್ಡದು ಮಾಡಿ ಕ್ಯಾಲಿಫೋರ್ನಿಯಾದ ವಯೋವೃದ್ಧ ಎಂಜಿನಿಯರರೊಬ್ಬರ ಮನೆ ಬಾಗಿಲಿಗೆ ವರದಿಗಾರರ ದಂಡನ್ನು ತಂದು ನಿಲ್ಲಿಸಿತ್ತು. ತಮಗೂ ಬಿಟ್‌ಕಾಯಿನ್‌ಗೂ ಸಂಬಂಧವಿಲ್ಲವೆಂದು ಅವರು ಹೇಳಬೇಕಾಯಿತು. ಆರಂಭದ ಬ್ಲಾಕಿನ ಕೀಲಿಯಿಂದ ಒಂದು ಹೊಸ ಸಂದೇಶಕ್ಕೆ ಸಹಿ ಹಾಕಿ ತೋರಿಸುವುದು ಒಳ್ಳೆಯ ಪರೀಕ್ಷೆಯೇ ಸರಿ, ಆದರೆ ಕೀಲಿ ಕಳೆದುಹೋಯಿತು ಎಂಬ ನೆಪ ಹಕ್ಕುದಾರರಿಗೆ ಯಾವಾಗಲೂ ಇರುತ್ತದೆ. ಅಂಥವರಿಗೆ ಕೇಳಬಹುದಾದ ಇನ್ನೊಂದು ಪ್ರಶ್ನೆಯನ್ನು ಆ ಕಂಪ್ಯೂಟರೇ ಬಿಟ್ಟುಹೋಗಿದೆ. ನಾನ್ಸ್‌ನ ಕೊನೆಯ ಬೈಟಿನಲ್ಲಿ 9ರವರೆಗೆ ಬಂದು, ಅಲ್ಲಿಂದ ನೇರ 19ಕ್ಕೆ ಹಾರಿ, 58ಕ್ಕೆ ನಿಲ್ಲುವ ಆ ಮೈನರನ್ನು ಬರೆದವರಿಗೆ, ನಡುವಿನ 10ರಿಂದ 18ರವರೆಗಿನ ಒಂಬತ್ತು ಬೆಲೆಗಳನ್ನು ಏಕೆ ಬಿಟ್ಟೆವೆಂಬುದು ತಿಳಿದಿರಲೇಬೇಕು. ಪಟೋಶಿ ವಿನ್ಯಾಸ ಬೆಳಕಿಗೆ ಬಂದ ಮೇಲೂ ಇದಕ್ಕೆ ಪರಿಶೀಲಿಸಿ ನೋಡಬಹುದಾದ ಉತ್ತರವನ್ನು ಯಾವ ಹಕ್ಕುದಾರರೂ ಕೊಟ್ಟಿಲ್ಲ.